ಹಳದಿ ತೆಗೆಯುವವಳು

ಪುಟ್ಟಿ ಆ ಕಟ್ಟಡದ ಮೆಟ್ಟಿಲು ಮೊದಲ ಸಲ ಹತ್ತಿದ್ದು ಒಂದು ಬೇಸಿಗೆಯ ಬೆಳಿಗ್ಗೆ. ಕೆಳಗೆ ಸೈಕಲ್ ರಿಪೇರಿ ಅಂಗಡಿ, ಮೇಲೆ ಬಟ್ಟೆಗಳ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಮಾರುವವರ ಎರಡು ಕೋಣೆ. ಮೆಟ್ಟಿಲ ಒಂದು ಬದಿಗೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದರಿಂದ, ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ನಿಲ್ಲಬೇಕಿತ್ತು. ಅವಳು ಹಾಗೆ ಅಂಟಿಕೊಂಡು ನಿಂತಿದ್ದಳು. ಅಪ್ಪ ಇಸ್ತ್ರಿ ಮಾಡಿಕೊಟ್ಟಿದ್ದ ಬಿಳಿ ಕುರ್ತಾದ ಬೆನ್ನಿಗೆ ಗೋಡೆಯ ಸುಣ್ಣ ಮೆತ್ತಿಕೊಳ್ಳುತ್ತದಲ್ಲ ಎಂಬ ಚಿಂತೆಯಲ್ಲಿದ್ದಾಗಲೇ ಯಜಮಾನಿ ಮೇಲಿನಿಂದ ಇಳಿದು ಬಂದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಟೇಪಿನ ಸುರುಳಿ.

"ಕೆಲಸಕ್ಕೆ ಬಂದೋಳು ನೀನೇನಾ?"

"ಹೌದು ಮೇಡಂ."

"ಸರಿ, ಹೋಗು, ಚಿಕ್ಕಮ್ಮ ಹೇಳ್ತಾರೆ," ಎಂದು ಟೇಪನ್ನು ಅವಳ ಕೈಗೆ ತುರುಕಿ, ಫೋನಿನಲ್ಲಿ ಮಾತಾಡುತ್ತಲೇ ಕೆಳಗಿಳಿದು ಹೋದರು.

ಒಳಗೆ ಚಿಕ್ಕಮ್ಮ ಎಂದು ಎಲ್ಲರೂ ಕರೆಯುವ ಪ್ಯಾಕಿಂಗ್ ಹೆಂಗಸು ಬಟ್ಟೆಯ ರಾಶಿಯ ನಡುವೆ ಕುಳಿತಿದ್ದರು. ಪುಟ್ಟಿ ಏನೂ ಕೇಳದೆ ಪಕ್ಕದಲ್ಲಿ ಕುಳಿತು ಪೆಟ್ಟಿಗೆಗಳಿಗೆ ಟೇಪು ಅಂಟಿಸತೊಡಗಿದಳು. ಇದು ಪರೀಕ್ಷೆಯೋ, ಇದೇ ಕೆಲಸವೋ ಅವಳಿಗೆ ತಿಳಿಯಲಿಲ್ಲ. ಸುಮಾರು ಹೊತ್ತಾದ ಮೇಲೆ ಚಿಕ್ಕಮ್ಮನೇ ಕೇಳಿದರು.

"ಏನು ಓದಿದ್ದೀಯೆ?"

"ಡಿಗ್ರಿ ಆಗಿದೆ. ಕಂಪ್ಯೂಟರ್ ಕೋರ್ಸೂ ಮಾಡಿದೀನಿ."

"ಅಯ್ಯೋ ನಿನ್ನ! ಡಿಗ್ರಿ ಮಾಡಿ ಟೇಪ್ ಅಂಟಿಸೋಕೆ ಬಂದ್ಯಾ?"

"ಫೋಟೋ ತಿದ್ದೋ ಕೆಲಸ ಅಂತ ಹೇಳಿದ್ರು..."

ಚಿಕ್ಕಮ್ಮ ನಕ್ಕ ಸದ್ದಿಗೆ ಒಳಕೋಣೆಯಿಂದ ಕ್ಯಾಮೆರಾದಣ್ಣ ಹೊರಗೆ ಬಂದ. ಅಷ್ಟರಲ್ಲಿ ಯಜಮಾನಿಯೂ ಮರಳಿದರು. ವಿಷಯ ತಿಳಿದು ಹಣೆ ಚಚ್ಚಿಕೊಂಡು, ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಪರದೆಯ ಮೇಲೆ ಬಿಳಿ ಅಂಗಿ ತೊಟ್ಟ ಗೊಂಬೆಯ ಚಿತ್ರ.

"ಇದರಲ್ಲಿ ಏನು ತಪ್ಪಿದೆ ಹೇಳು."

ಪುಟ್ಟಿ ಯೋಚಿಸಲೇ ಇಲ್ಲ. "ಅಂಗಿ ಮೇಲೆಲ್ಲ ಹಸಿರು ಬಿದ್ದಿದೆ ಮೇಡಂ. ಎಡಗಡೆ ತೋಳಲ್ಲಿ ಹಳದಿನೂ ಇದೆ."

ಹಸಿರು ಟ್ಯೂಬ್‌ಲೈಟಿನದು ಎಂಬುದು ಯಜಮಾನಿಗೆ ಗೊತ್ತಿತ್ತು. ಹಳದಿ ಅವರಿಗೆ ಕಂಡಿರಲಿಲ್ಲ. ಅವರು ಕ್ಯಾಮೆರಾದಣ್ಣನ ಮುಖ ನೋಡಿದರು. ಅವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಆಮೇಲೆ ಫೋಟೋ ತೆಗೆಯುವ ಜಾಗದ ಎಡಗಡೆಯ ಕಿಟಕಿಯಲ್ಲಿ ತೂಗುವ, ಹಳದಿಯಾದ ಹಳೆಯ ಪರದೆಯತ್ತ ತಿರುಗಿ, "ಹೌದಲ್ರೀ! ಈ ಹುಡುಗಿ ಕಣ್ಣಲ್ಲಿ ಏನಿದೆ?" ಎಂದ.

ಕೆಲಸ ಸಿಕ್ಕಿತು.

ಅವಳ ಕಣ್ಣಲ್ಲಿ ವಿಶೇಷವೇನೂ ಇರಲಿಲ್ಲ. ಇದ್ದದ್ದು ಮನೆಯಲ್ಲಿ. ಅವಳ ಅಪ್ಪ ಬಟ್ಟೆ ಒಗೆದು ಇಸ್ತ್ರಿ ಮಾಡುವವನು. ಅವನ ಅಪ್ಪನೂ ಅದೇ. ಊರಂಚಿನ ಕಾಲುವೆಯ ಪಕ್ಕದ ಆ ಮನೆಯಲ್ಲಿ ಮಾತು ಕಲಿಯುವ ಮೊದಲೇ ಮಕ್ಕಳು ಕಲಿಯುತ್ತಿದ್ದದ್ದು ಬಿಳಿ ಬಟ್ಟೆಯಲ್ಲಿ ಹಳದಿ ಹುಡುಕುವುದನ್ನು. ಕಾಲರಿನ ಒಳಮಡಿಕೆ, ಕಂಕುಳು, ತೋಳಿನ ಪಟ್ಟಿ, ಹಾಸಿಗೆ ಹೊದಿಕೆಯ ತಲೆಗಡೆ. ಹಳದಿ ಉಳಿದರೆ ಗಿರಾಕಿ ಬೈಯುತ್ತಾನೆ, ಗಿರಾಕಿ ಬೈದರೆ ಅಪ್ಪ ಬೈಯುತ್ತಾನೆ. ಪುಟ್ಟಿ ಪದವಿ ಪಡೆದ ಆ ಮನೆಯ ಮೊದಲ ಮಗಳು. ಪರೀಕ್ಷೆಗೆ ಓದುತ್ತ ಕುಳಿತಿದ್ದಾಗಲೂ ಎದುರಿನ ತಂತಿಯಲ್ಲಿ ತೂಗುವ ಬಟ್ಟೆಯಲ್ಲಿ ಮಾಸಲು ಕಂಡರೆ ಎದ್ದು ಹೋಗಿ ಅದನ್ನು ಮತ್ತೆ ನೀರಿಗೆ ಹಾಕಿ ಬರುತ್ತಿದ್ದಳು.

ಕೆಲಸದ ಸುದ್ದಿ ತಿಳಿದ ಮೇಲೆ ಅಪ್ಪ ಇಸ್ತ್ರಿ ಬಟ್ಟೆ ಕೊಡಲು ಹೋದ ಮನೆಗಳಲ್ಲೆಲ್ಲ ಒಂದೇ ಮಾತು ಹೇಳಿಕೊಂಡು ಬಂದ: "ನಾವು ಬಟ್ಟೆ ಒಗೀತೀವಿ, ನಮ್ಮ ಮಗಳು ಬಟ್ಟೆ ಫೋಟೋ ಒಗೀತಾಳೆ. ಕೈ ಒದ್ದೆ ಆಗಲ್ಲ!"

ಕೆಲಸ ಕಷ್ಟದ್ದಾಗಿರಲಿಲ್ಲ, ಆದರೆ ತಾಳ್ಮೆ ಬೇಕಿತ್ತು. ಮುಂದಿನ ಕೋಣೆಯಲ್ಲಿ ಚಿಕ್ಕಮ್ಮ ಬಟ್ಟೆಯನ್ನು ಗೊಂಬೆಗೆ ತೊಡಿಸುತ್ತಿದ್ದರು, ಕ್ಯಾಮೆರಾದಣ್ಣ ಫೋಟೋ ತೆಗೆಯುತ್ತಿದ್ದ, ಬಟ್ಟೆ ಅಲ್ಲಿಂದಲೇ ಚೀಲ ಸೇರುತ್ತಿತ್ತು. ಹಿಂದಿನ ಕೋಣೆಯ ಪುಟ್ಟಿಯ ಬಳಿಗೆ ಬರುತ್ತಿದ್ದದ್ದು ಚಿತ್ರ ಮಾತ್ರ, ಅದಕ್ಕೊಂದು ಸಂಖ್ಯೆ. ಬಟ್ಟೆಯನ್ನು ಅವಳು ಮುಟ್ಟುತ್ತಲೂ ಇರಲಿಲ್ಲ, ನೋಡುತ್ತಲೂ ಇರಲಿಲ್ಲ. ಚಿತ್ರದ ಮೇಲೆ ದೀಪದ್ದೋ ಗೋಡೆಯದ್ದೋ ಕಿಟಕಿಯದ್ದೋ ಬಣ್ಣ ಬಿದ್ದಿದ್ದರೆ ಅದನ್ನು ತೆಗೆಯಬೇಕು, ಬಟ್ಟೆಯನ್ನು ಹಿನ್ನೆಲೆಯಿಂದ ಕತ್ತರಿಸಿ ಅಚ್ಚ ಬಿಳಿಯ ಮೇಲೆ ಕೂರಿಸಬೇಕು.

ಬಣ್ಣ ತೆಗೆಯಲು ಪರದೆಯಲ್ಲಿ ಡ್ರಾಪರ್ ಎಂಬ ಒಂದು ಸಾಧನವಿದೆ. ನೋಡಲು ಮಕ್ಕಳಿಗೆ ಔಷಧಿ ಹಾಕುವ ಕೊಳವೆಯಂತೆ. ಚಿತ್ರದಲ್ಲಿ ಯಾವುದು ನಿಜಕ್ಕೂ ಬಿಳಿ ಅಥವಾ ಬೂದು ಎಂದು ನಮಗೆ ಗೊತ್ತಿದೆಯೋ ಅದರ ಮೇಲೆ ಆ ಡ್ರಾಪರ್ ಇಟ್ಟು ಒತ್ತಿದರೆ, ಕಂಪ್ಯೂಟರ್ ಆ ಜಾಗದ ಕೆಂಪು, ಹಸಿರು, ನೀಲಿಯ ಅಂಕಿಗಳನ್ನು ಸಮ ಮಾಡಿ ಇಡೀ ಚಿತ್ರವನ್ನು ಅದೇ ಲೆಕ್ಕಕ್ಕೆ ತರುತ್ತದೆ. ಮೂರೂ ಸಮವಾದರೆ ಬಣ್ಣದ ಸೋಂಕು ಹೋಯಿತು ಎಂದರ್ಥ. ಪುಟ್ಟಿ ಬಿಳಿ ಬಟ್ಟೆ ಬಂದಾಗ ಅದರ ಎದೆಯ ಮೇಲೆಯೇ ಡ್ರಾಪರ್ ಇಡುತ್ತಿದ್ದಳು. ಹಳದಿ ಹೋಗಿ ಬಟ್ಟೆ ಬೆಳ್ಳಗೆ ಎದ್ದು ನಿಂತಾಗ ಅವಳಿಗೆ ಮೈಯೆಲ್ಲ ಹಗುರಾಗುತ್ತಿತ್ತು.

"ಹಳದಿ ಕಂಡ್ರೆ ಇವಳಿಗೆ ಹಾವು ಕಂಡಂಗೆ," ಎಂದು ಕ್ಯಾಮೆರಾದಣ್ಣ ರೇಗಿಸುತ್ತಿದ್ದ.

ಹೀಗಿರುವಾಗ ಒಬ್ಬ ಶರ್ಟು ತಯಾರಕರ ದೊಡ್ಡ ಕೆಲಸ ಬಂತು. ಬಗೆಬಗೆಯ ಶರ್ಟುಗಳು. ಅವುಗಳಲ್ಲಿ ಒಂದು ಬಗೆಗೆ ತಯಾರಕರು 'ಮುತ್ತು' ಎಂದು ಹೆಸರಿಟ್ಟಿದ್ದರು. ಚಿತ್ರಗಳು ಹೋದವು, ಶರ್ಟುಗಳು ಭರ್ಜರಿಯಾಗಿ ಖರ್ಚಾದವು. ಯಜಮಾನಿ ಖುಷಿಯಲ್ಲಿ ಎಲ್ಲರಿಗೂ ಊಟ ಹಾಕಿಸಿದರು.

ಆಮೇಲೆ ಚೀಲಗಳು ವಾಪಸು ಬರತೊಡಗಿದವು.

ಚಿಕ್ಕಮ್ಮ ಒಂದೊಂದೇ ಬಿಚ್ಚಿ ಒಳಗಿನ ಚೀಟಿ ಓದುತ್ತಿದ್ದರು. "ಬಿಳಿ ಶರ್ಟ್ ಕೇಳಿದರೆ ಹಳೇ ಶರ್ಟ್ ಕಳಿಸಿದ್ದೀರಿ. ...ಯಾರೋ ಹಾಕಿಕೊಂಡು ಬಿಟ್ಟಿದ್ದು. ...ಮಾಸಿದ ಬಟ್ಟೆ ಮಾರೋಕೆ ನಾಚಿಕೆ ಆಗಲ್ವಾ? ನೋಡ್ರಪ್ಪಾ, ನಮ್ಮ ಮಾನ ತಂದು ಹರಾಜಿಗೆ ಹಾಕ್ತಿದಾರೆ!"

ಎಲ್ಲವೂ 'ಮುತ್ತು' ಶರ್ಟುಗಳೇ. ಕ್ಯಾಮೆರಾದಣ್ಣ ಒಂದನ್ನು ಎತ್ತಿ ಪರದೆಯ ಪಕ್ಕ ಹಿಡಿದ. ಪರದೆಯಲ್ಲಿ ಹಾಲಿನಂಥ ಬಿಳಿ; ಕೈಯಲ್ಲಿ ಹಿಡಿದದ್ದು ಮಾಸಲು.

"ಟ್ಯೂಬ್‌ಲೈಟಿಗೆ ಹಂಗೆ ಕಾಣ್ತಿರಬೇಕು," ಎಂದು ಕಿಟಕಿಗೆ ಒಯ್ದ. ಅಲ್ಲಿ ಸಂಜೆಯ ಬಿಸಿಲು. ಅವನ ಕೈಯೇ ಹಳದಿಯಾಗಿ ಕಾಣುತ್ತಿತ್ತು. "ಇಲ್ಲೂ ಏನೂ ಗೊತ್ತಾಗಲ್ವಲ್ಲ..."

ಚಿಕ್ಕಮ್ಮನ ಪ್ರಕಾರ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಶರ್ಟು ಹಳದಿಯಾಗಿತ್ತು. ಯಜಮಾನಿಯ ಪ್ರಕಾರ ಕ್ಯಾಮೆರಾ ಕೆಟ್ಟಿತ್ತು. ಕ್ಯಾಮೆರಾದಣ್ಣನ ಪ್ರಕಾರ ತಯಾರಕರು ಬೇರೆ ಬಟ್ಟೆ ಹಾಕಿ ಹೊಲಿದಿದ್ದರು. ತಯಾರಕರಿಗೆ ಫೋನು ಮಾಡಿದರೆ, "ಬಟ್ಟೆ ಅದೇ, ದಾರ ಅದೇ, ನಿಮ್ಮ ಫೋಟೋನೇ ಸರಿಯಿಲ್ಲ," ಎಂದು ಗದರಿದರು. ಪುಟ್ಟಿಯ ಕಣ್ಣಿನ ಮೇಲೆ ಮಾತ್ರ ಆ ಕೋಣೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಪುಟ್ಟಿಯೊಬ್ಬಳನ್ನು ಬಿಟ್ಟು.

ಅವಳಿಗೆ ತಲೆಬುಡ ತಿಳಿಯಲಿಲ್ಲ. ಚಿತ್ರ ತೆರೆದು ಅಂಕಿಗಳನ್ನು ನೋಡಿದಳು. ಕೆಂಪು, ಹಸಿರು, ನೀಲಿ ಮೂರೂ ಸಮ. ಎಲ್ಲಿ ಮುಟ್ಟಿ ನೋಡಿದರೂ ಸಮ. ಕಂಪ್ಯೂಟರ್ ಸರಿ ಅನ್ನುತ್ತಿದೆ, ತನ್ನ ಕಣ್ಣೂ ಸರಿ ಅನ್ನುತ್ತಿದೆ, ಶರ್ಟು ಮಾತ್ರ ಅಲ್ಲ ಅನ್ನುತ್ತಿದೆ. ಪರದೆಯ ಬೆಳಕು ಕಮ್ಮಿ ಮಾಡಿ ನೋಡಿದಳು, ಜಾಸ್ತಿ ಮಾಡಿ ನೋಡಿದಳು. ತಾನು ತೊಟ್ಟ ಗುಲಾಬಿ ಬಣ್ಣದ ಬಟ್ಟೆ ಪರದೆಗೆ ಹೊಡೆಯುತ್ತಿದೆಯೋ ಏನೋ ಎಂದು ಮರುದಿನ ಬೂದು ಬಣ್ಣದ್ದು ತೊಟ್ಟು ಬಂದಳು. ಗೋಡೆಯ ಕ್ಯಾಲೆಂಡರ್ ತೆಗೆಸಿದಳು. ಕಡೆಗೆ ಕನ್ನಡಕದಂಗಡಿಗೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡಳು. ಆತ ಬಣ್ಣಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ, "ನಿಮ್ಮ ಕಣ್ಣಿಗೇನಾಗಿದೆಯಮ್ಮ? ನನಗಿಂತ ಚೆನ್ನಾಗಿದೆ," ಎಂದು ಕಳಿಸಿಬಿಟ್ಟ. ಕಣ್ಣು ಕೆಟ್ಟಿದೆ ಎಂದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಆ ಶುಕ್ರವಾರ ಯಜಮಾನಿ ಅವಳನ್ನು ಪಕ್ಕಕ್ಕೆ ಕರೆದರು. ಕೂಗಾಡಲಿಲ್ಲ, ಅದಕ್ಕೇ ಪುಟ್ಟಿಗೆ ಇನ್ನಷ್ಟು ಹೆದರಿಕೆಯಾಯಿತು.

"ನೋಡು ಪುಟ್ಟಿ, ಅವರು ಕೆಲಸ ವಾಪಸ್ ತಗೋತೀವಿ ಅಂತಿದಾರೆ. ಫೋಟೋದಲ್ಲಿ ಏನಾಗ್ತಿದೆ ಅಂತ ಸೋಮವಾರ ನನಗೆ ಹೇಳ್ಬೇಕು. ನಿನ್ನಿಂದ ಆಗಲ್ಲ ಅಂದ್ರೆ ಆ ಕುರ್ಚಿಗೆ ಬೇರೆಯವರನ್ನ ನೋಡ್ತೀನಿ. ನನಗೂ ಬೇರೆ ದಾರಿ ಇಲ್ಲಮ್ಮ."

"ಆಯ್ತು ಮೇಡಂ," ಎಂದಳು. ಏನು ಆಯ್ತು ಎಂಬುದು ಅವಳಿಗೇ ಗೊತ್ತಿರಲಿಲ್ಲ.

ವಾಪಸು ಬಂದ ಶರ್ಟೊಂದನ್ನು ಕೇಳಿ ಪಡೆದು ಮನೆಗೆ ತಂದಳು. ಆಫೀಸಿನ ದೀಪ, ಆಫೀಸಿನ ಗೋಡೆ ಯಾವುದನ್ನೂ ನಂಬದೆ, ಬೆಳಗಿನ ಬಯಲು ಬೆಳಕಿನಲ್ಲಿ ಚಿತ್ರದ ಪಕ್ಕ ಇಟ್ಟು ನೋಡಬೇಕೆಂಬ ಎಣಿಕೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕುರ್ಚಿ ಹೋದರೆ ಅಪ್ಪ ಆ ಮನೆಗಳಿಗೆ ಬಟ್ಟೆ ಕೊಡಲು ಹೋದಾಗ ಏನು ಹೇಳುತ್ತಾನೆ? ಮನೆಯಲ್ಲಿ, ಆಫೀಸಿನವರ ಬಟ್ಟೆ ಎಂದಷ್ಟೇ ಹೇಳಿದಳು. ಶರ್ಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ಊಟ ಮಾಡಿ ಮಲಗಿದಳು.

ಬೆಳಿಗ್ಗೆ ಎದ್ದು ನೋಡಿದರೆ ಕುರ್ಚಿಯ ಮೇಲೆ ಶರ್ಟಿಲ್ಲ.

"ಅಮ್ಮಾ, ಇಲ್ಲಿದ್ದ ಶರ್ಟು?"

"ಅಪ್ಪ ತಗೊಂಡು ಹೋದ್ರಲ್ಲ, ಗಿರಾಕಿ ಬಟ್ಟೆ ಜೊತೆ."

ಪುಟ್ಟಿ ಬರಿಗಾಲಲ್ಲೇ ಹಿತ್ತಲಿಗೆ ಓಡಿದಳು. ಅಪ್ಪ ತಂತಿಗೆ ಬಟ್ಟೆ ಹರವುತ್ತಿದ್ದ. ಹೊದಿಕೆಗಳ ಸಾಲಿನ ತುದಿಯಲ್ಲಿ ಆ ಶರ್ಟು ತೂಗುತ್ತಿತ್ತು.

"ಏನಪ್ಪಾ ಮಾಡಿದ್ದು ನೀನು!"

"ಯಾಕೆ? ಆಫೀಸಿನವರ ಬಟ್ಟೆ ಅಂತ ನೀನೇ ತಂದೆಯಲ್ಲ. ಸಿಕ್ಕಾಪಟ್ಟೆ ಹಳದಿ ಕೂತಿತ್ತು. ಎಂಥ ಹಠಮಾರಿ ಹಳದಿ ಅಂತೀಯ! ಒಂದು ಸಲಕ್ಕೆ ಬಿಡಲಿಲ್ಲ. ಬ್ಲೀಚಿಂಗ್ ನೀರಲ್ಲಿ ನೆನೆಸಿ, ಮತ್ತೆ ಒಗೆದು, ನೀಲಿ ಹಾಕಿದೆ. ಈಗ ನೋಡು."

ಪುಟ್ಟಿ ನೋಡಿದಳು. ಶರ್ಟು ಬೆಳಗಿನ ಬೆಳಕಿನಲ್ಲಿ ಹಾಲಿನ ಹಾಗಿತ್ತು. ಫೋನು ತೆಗೆದು ತಾನು ತಿದ್ದಿದ ಚಿತ್ರವನ್ನು ಅದರ ಪಕ್ಕಕ್ಕೆ ಹಿಡಿದಳು. ಎರಡೂ ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಫೋನನ್ನು ಕೆಳಗಿಳಿಸಿದಳು.

"ಅದು ಕೊಳೆ ಅಲ್ಲಪ್ಪ," ಎಂದಳು ನಿಧಾನವಾಗಿ. "ಅದರ ಬಣ್ಣವೇ ಅದು."

"ಅಂಥಾ ಬಣ್ಣ ಯಾರಾದ್ರೂ ಬೇಕು ಅಂತ ಹಾಕಿಸ್ತಾರಾ?"

ಅವಳಿಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು. ಆದರೆ ನಡೆದದ್ದು ಈಗ ಕಣ್ಣಿಗೆ ಕಟ್ಟಿದಂತೆ ಕಂಡಿತು. 'ಮುತ್ತು' ಎಂದರೆ ಬಿಳಿಯಲ್ಲ, ಹಾಲಿನ ಕೆನೆಯ ಬಣ್ಣ. ಚಿತ್ರದಲ್ಲಿ ಅದು ಕಂಡ ಕೂಡಲೇ ದೀಪದ ಹಳದಿ ಬಿದ್ದಿದೆ ಎಂದುಕೊಂಡು ಶರ್ಟಿನ ಎದೆಯ ಮೇಲೆಯೇ ಡ್ರಾಪರ್ ಇಟ್ಟಿದ್ದಳು. ಇದು ಬಿಳಿ ಎಂದು ಕಂಪ್ಯೂಟರಿಗೆ ಹೇಳಿದವಳು ಅವಳೇ. ಅದು ಹೇಳಿದ ಹಾಗೆ ಕೇಳಿ ಅಂಕಿಗಳನ್ನು ಸಮ ಮಾಡಿಕೊಟ್ಟಿತ್ತು. ಆಗ ಗೊಂಬೆಯ ಹಿಂದೆ ಹಾಕಿದ್ದ ಬಿಳಿ ಕಾಗದ ನೀಲಿಗೆ ತಿರುಗಿರಲೇಬೇಕು. ಆದರೆ ಹಿನ್ನೆಲೆಯನ್ನು ಅವಳು ಕತ್ತರಿಸಿ ಎಸೆಯುತ್ತಿದ್ದಳು. ಶರ್ಟಿನ ಬಿಳಿ ಗುಂಡಿಗಳು ತುಸು ನೀಲಿಯಾಗಿ ಕಂಡದ್ದು ನೆನಪಾಯಿತು. ಚೆನ್ನಾಗಿಯೇ ಕಾಣುತ್ತಿದೆ ಎಂದುಕೊಂಡಿದ್ದಳು!

"ದಂಡ ಕಟ್ಟಬೇಕಾ ಮಗಾ?" ಅಪ್ಪ ಈಗ ಗಾಬರಿಯಾಗಿದ್ದ.

"ಇಲ್ಲಪ್ಪ, ಇದು ವಾಪಸ್ ಬಂದಿದ್ದೇ," ಎಂದಳು. "ನೀನು ಒಂದು ಒಗೆದೆ. ನಾನು ಸಾವಿರಾರು ಜನ ನೋಡೋ ಹಂಗೆ ಒಗೆದುಬಿಟ್ಟಿದೀನಿ."

ಸೋಮವಾರ ಆ ಶರ್ಟನ್ನೂ, ವಾಪಸು ಬಂದ ಇನ್ನೊಂದನ್ನೂ ಯಜಮಾನಿಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಆದದ್ದನ್ನು ಆದ ಹಾಗೆ ಹೇಳಿದಳು. ಯಜಮಾನಿ ಎರಡನ್ನೂ ಮತ್ತೆ ಮತ್ತೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ.

"ಅಪ್ಪ ಮಗಳು ಸೇರ್ಕೊಂಡು ಊರಿನ ಶರ್ಟೆಲ್ಲ ಒಗೆದಿದ್ದೀರಲ್ಲೇ!"

"ನಗು ಬರೋ ವಿಷಯ ಅಲ್ಲ ಚಿಕ್ಕಮ್ಮ," ಎಂದ ಯಜಮಾನಿಯ ಬಾಯಿಯ ಅಂಚೂ ಅಲುಗುತ್ತಿತ್ತು. ಆಮೇಲೆ ಕ್ಯಾಮೆರಾದಣ್ಣನ ಕಡೆ ತಿರುಗಿದರು. "ಮೊದಲನೇ ಫೋಟೋದಲ್ಲಿ ಬೂದು ಕಾರ್ಡ್ ಇಡ್ಬೇಕು ಅಂತ ನಾನು ಹೇಳಿರಲಿಲ್ವಾ? ಎಲ್ಲಿದೆ ಅದು?"

ಬೂದು ಕಾರ್ಡ್ ಎಂದರೆ ಅಂಗೈಯಗಲದ ಒಂದು ಹಲಗೆ, ಯಾವ ಬಣ್ಣದ ಕಡೆಗೂ ವಾಲದ ಬೂದು. ಬಟ್ಟೆಯ ಪಕ್ಕ ಅದನ್ನಿಟ್ಟು ಒಂದು ಫೋಟೋ ತೆಗೆದರೆ, ಡ್ರಾಪರನ್ನು ಬಟ್ಟೆಯ ಮೇಲಲ್ಲ, ಅದರ ಮೇಲೆ ಇಡಬಹುದು. ಆಗ ದೀಪದ ಬಣ್ಣ ಮಾತ್ರ ಹೋಗಿ ಬಟ್ಟೆಯ ಬಣ್ಣ ಉಳಿಯುತ್ತದೆ. ಕ್ಯಾಮೆರಾದಣ್ಣ ನಾಲಿಗೆ ಕಚ್ಚಿಕೊಂಡು ಮುಂದಿನ ಕೋಣೆಗೆ ಹೋದ. ಕ್ಯಾಮೆರಾ ಸ್ಟ್ಯಾಂಡಿನ ಒಂದು ಕಾಲು ಅಲ್ಲಾಡುತ್ತದೆಂದು ಕಾರ್ಡನ್ನು ಅದರ ಕೆಳಗೆ ತುರುಕಿದ್ದ.

"ಹುಡುಗಿ ಕಣ್ಣೇ ಅಷ್ಟು ಚುರುಕಾಗಿದ್ದಾಗ ಇದ್ಯಾಕೆ ಅಂತ..." ಎಂದು ಗೊಣಗಿದ.

"ಈ ವಾರ ನೋಡ್ತೀನಿ," ಎಂದರು ಯಜಮಾನಿ ಪುಟ್ಟಿಗೆ. "ಮುತ್ತಿನ ಫೋಟೋ ಎಲ್ಲ ಹೊಸದಾಗಿ ತೆಗೀರಿ. ಆಮೇಲೂ ವಾಪಸ್ ಬಂದ್ರೆ ನನ್ನ ಕೇಳಬೇಡ."

ಕಾರಣ ಸಿಕ್ಕಿತು, ಇನ್ನು ಗೊಂದಲವಿಲ್ಲ ಎಂದುಕೊಂಡಿದ್ದಳು ಪುಟ್ಟಿ. ನಿಜವಾದ ಗೊಂದಲ ಶುರುವಾದದ್ದೇ ಆಗ. ಕಾರ್ಡಿನ ಮೇಲೆ ಡ್ರಾಪರ್ ಒತ್ತಿದಳು. ಶರ್ಟು ಕೆನೆ ಬಣ್ಣದಲ್ಲೇ ಉಳಿಯಿತು. ಸರಿ ಎಂದು ಬುದ್ಧಿ ಹೇಳುತ್ತಿತ್ತು. ಕೈ ಮಾತ್ರ ತಡೆಯಲಾರದೆ ಪರದೆಯಲ್ಲಿ ನೀಲಿ ಹೆಚ್ಚಿಸುವ ಗುಂಡಿಯತ್ತ ಸರಿಯುತ್ತಿತ್ತು. ಕೊಳೆ ಬಟ್ಟೆಯನ್ನು ಗಿರಾಕಿಗೆ ಮಡಿಸಿ ಕೊಟ್ಟಂತೆ ಮುಜುಗರ. ಒಂದು ಸಲ ಎದ್ದು ಹೋಗಿ ಚಿಕ್ಕಮ್ಮನನ್ನೇ ಕರೆತಂದಳು.

"ಚಿಕ್ಕಮ್ಮ, ಇದು ಗಲೀಜಾಗಿ ಕಾಣ್ತಿದೆಯಾ?"

"ಯಾವುದೇ?"

"ಶರ್ಟು."

"ಶರ್ಟು ಶರ್ಟಿನ ಥರಾನೇ ಇದೆ. ನಿನ್ನ ಮುಖ ಗಲೀಜಾಗಿದೆ, ಹೋಗಿ ತೊಳ್ಕೊಂಡು ಬಾ. ಅತ್ತಿದ್ದೀಯಾ?"

"ಇಲ್ಲ."

"ಸುಳ್ಳು."

ಅಲ್ಲಿಂದ ಅವಳು ಹಳದಿಗೆ ಕೈ ಹಚ್ಚುವುದನ್ನೇ ಬಿಟ್ಟಳು. ಅದೂ ಕೈಕೊಟ್ಟಿತು. ವಾರದ ನಡುವೆ ನಿಜವಾದ ಬಿಳಿ ಶರ್ಟುಗಳ ಒಂದು ಕಟ್ಟು ಬಂತು. ಕ್ಯಾಮೆರಾದಣ್ಣ ಮೊದಲ ಫೋಟೋಗೆ ಕಾರ್ಡು ಇಟ್ಟಿದ್ದ. ಆದರೆ ಮಧ್ಯಾಹ್ನ ದಾಟಿದ ಮೇಲೆ ಕಿಟಕಿಯ ಬಿಸಿಲು ಒಳಗೆ ಬಂದು ಬೆಳಕು ಬದಲಾಗಿತ್ತು, ಕಾರ್ಡನ್ನು ಮತ್ತೆ ಇಟ್ಟಿರಲಿಲ್ಲ. ಕೊನೆಯ ಚಿತ್ರಗಳಲ್ಲಿ ಹಳದಿ ಎದ್ದು ಕಾಣುತ್ತಿತ್ತು. ಪುಟ್ಟಿಗೆ ಅದು ಕಂಡಿತು. ಕಂಡರೂ, ಇದು ಶರ್ಟಿನದೇ ಬಣ್ಣವಿದ್ದರೆ? ನನ್ನ ಕಣ್ಣಿನ ಮಾತು ಕೇಳಿಯೇ ಅಲ್ಲವೆ ಅಷ್ಟೆಲ್ಲ ಆದದ್ದು? ಎಂದು ಹಾಗೆಯೇ ಬಿಟ್ಟಳು. ಚಿತ್ರ ಕಳಿಸುವ ಮುನ್ನ ಯಜಮಾನಿ ಹಣಕಿ ನೋಡಿದರು.

"ಇದೇನಿದು ಅರಿಶಿನ ಹಚ್ಚಿದಂಗೆ? ಇಷ್ಟು ದಿನ ಇಲ್ಲದ ಹಳದಿ ತೆಗೆದೆ, ಈಗ ಇರೋ ಹಳದಿ ಬಿಟ್ಟಿದ್ದೀಯಲ್ಲ!"

"ಯಾವುದು ತೆಗೀಬೇಕು, ಯಾವುದು ಬಿಡ್ಬೇಕು, ನನಗೆ ಗೊತ್ತಾಗ್ತಿಲ್ಲ ಮೇಡಂ," ಎಂದಳು ಪುಟ್ಟಿ. ಈ ಮಾತಿಗೆ ಕುರ್ಚಿ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಬಾಯಿಯಿಂದ ಬಂದುಬಿಟ್ಟಿತ್ತು.

ಯಜಮಾನಿ ಮುಂದಿನ ಕೋಣೆಗೆ ಹೋಗಿ ಆ ಕಟ್ಟಿನ ಶರ್ಟೊಂದನ್ನು ತಂದು ಅವಳ ತೊಡೆಯ ಮೇಲೆ ಹಾಕಿದರು.

"ಬಟ್ಟೆನೇ ನೋಡದೆ ಬಣ್ಣ ಹೇಳು ಅಂದ್ರೆ ಯಾರಿಗೂ ಆಗಲ್ಲ. ತಪ್ಪು ನಂದೂ ಇದೆ. ಇನ್ಮೇಲೆ ಫೋಟೋ ಜೊತೆ ಬಟ್ಟೆನೂ ನಿನ್ನ ಹತ್ರ ಬರಲಿ. ಬೆಳಕು ಬದಲಾದಾಗೆಲ್ಲ ಕ್ಯಾಮೆರಾದವನು ಕಾರ್ಡ್ ಇಡ್ತಾನೆ. ಮತ್ತೆ, ಬಿಳಿ, ಕೆನೆ, ಇಂಥವು ಬಂದಾಗ ನೀನೊಬ್ಬಳೇ ಸರಿ ಅನ್ನೋ ಹಂಗಿಲ್ಲ. ಚಿಕ್ಕಮ್ಮ ನೋಡಿ ಹೂಂ ಅನ್ಬೇಕು. ಆಗುತ್ತಾ?"

"ಆಗುತ್ತೆ ಮೇಡಂ."

"ನನಗೆ ಸಂಬಳ ಜಾಸ್ತಿ ಮಾಡ್ತೀರಾ ಹಂಗಾದ್ರೆ?" ಎಂದು ಹೊರಗಿನಿಂದ ಚಿಕ್ಕಮ್ಮ ಕೂಗಿದರು.

ಹೊಸ ಚಿತ್ರಗಳು ಹೋದ ಮೇಲೆ 'ಮುತ್ತು' ಶರ್ಟು ಮೊದಲಿನಷ್ಟು ಖರ್ಚಾಗಲಿಲ್ಲ. ಬಿಳಿ ಬೇಕಾದವರು ಅದನ್ನು ಕೊಳ್ಳುವುದನ್ನು ಬಿಟ್ಟರು, ಅಷ್ಟೆ. ವಾಪಸು ಬರುವುದು ಬಹುತೇಕ ನಿಂತಿತು. ತಯಾರಕರು ಕೆಲಸವನ್ನು ಅಲ್ಲೇ ಉಳಿಸಿದರು. ಪುಟ್ಟಿಯ ಕುರ್ಚಿಯೂ ಉಳಿಯಿತು. ಚಿತ್ರ ಸರಿಯಿದ್ದಾಗ ಕಮ್ಮಿ ಮಾರಾಟ, ತಪ್ಪಿದ್ದಾಗ ಜಾಸ್ತಿ ಮಾರಾಟ, ಇದೆಂಥ ವ್ಯಾಪಾರ ಎಂಬುದು ಮಾತ್ರ ಅವಳಿಗೆ ಇವತ್ತಿಗೂ ಅರ್ಥವಾಗಿಲ್ಲ. ಕೆನೆ ಬಣ್ಣ ಚಂದ ಎನ್ನುವವರು ಯಾಕೆ ಹಾಗೆನ್ನುತ್ತಾರೆ ಎಂಬುದೂ ಅಷ್ಟೇ.

ಈಗ ಪುಟ್ಟಿ ಅದೇ ಹಿಂದಿನ ಕೋಣೆಯಲ್ಲಿ ಶರ್ಟು, ಹೊದಿಕೆ, ಕಿಟಕಿ ಪರದೆಗಳ ಚಿತ್ರ ತಿದ್ದುತ್ತಾಳೆ. ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಬೂದು ಕಾರ್ಡಿನ ಮೇಲೆ ಡ್ರಾಪರ್ ಇಟ್ಟು ಕೆಲಸ ಶುರು ಮಾಡುತ್ತಾಳೆ. ಕೆನೆ ಬಣ್ಣದ್ದು ಬಂದರೆ ಚಿಕ್ಕಮ್ಮನನ್ನು ಕರೆಯುತ್ತಾಳೆ.